ಆಮೆನ್ ಅನ್ನದ ಅತ್ತೆ

ನಮ್ಮ ಅತ್ತೆ ಪ್ರಾರ್ಥನೆಗೆ ಎದ್ದು ನಿಂತರೆ ದೇವರು ಕೇಳಿಸಿಕೊಳ್ಳುತ್ತಾನೋ ಇಲ್ಲವೋ ನನಗೆ ಗೊತ್ತಿಲ್ಲ. ನಮ್ಮ ಚರ್ಚಿನ ಸಭೆಯ ಸೆಕ್ರೆಟರಿಯವರು ಮಾತ್ರ ಕೇಳಿಸಿಕೊಳ್ಳುತ್ತಾರೆ. ಕೇಳಿಸಿಕೊಂಡು ಬೆವರುತ್ತಾರೆ! ಸುಳ್ಳಲ್ಲ, ನಾನೇ ನೋಡಿದ್ದೇನೆ. ಕಣ್ಣು ಮುಚ್ಚಿಕೊಂಡಿರಬೇಕಾದ ಹೊತ್ತಿನಲ್ಲಿ ನೀನು ಹೇಗಯ್ಯಾ ನೋಡಿದೆ ಅಂತ ಕೇಳಬೇಡಿ. ಎಲ್ಲರೂ ಕಣ್ಣು ಮುಚ್ಚಿದಾಗ ಒಬ್ಬನಾದರೂ ತೆರೆದಿಟ್ಟುಕೊಂಡಿರದಿದ್ದರೆ ಇಂಥದ್ದನ್ನೆಲ್ಲ ನಿಮಗೆ ಹೇಳುವವರು ಯಾರು?

ಅತ್ತೆ ಅಂದರೆ ನಮ್ಮಪ್ಪನ ಅಕ್ಕ. ಊರು ಗದಗಿನ ಕಡೆ. ಹುಡುಗಿಯಾಗಿದ್ದಾಗಲೇ ನರ್ಸ್ ಕೆಲಸಕ್ಕೆಂದು ಪುಣೆಗೆ ಬಂದವಳು, ಇಲ್ಲೇ ನಿವೃತ್ತಳಾದಳು. ಮದುವೆ ಯಾಕೆ ಆಗಲಿಲ್ಲ ಅಂತ ಕೇಳಿದರೆ "ಡ್ಯೂಟಿ ಇತ್ತು" ಅನ್ನುತ್ತಾಳೆ. ಕೆಲಸ ಬಿಟ್ಟು ಹದಿನೈದು ವರ್ಷವಾದರೂ ಕೆಲಸ ಅವಳನ್ನು ಬಿಟ್ಟಿಲ್ಲ. ಯಾರ ಜೊತೆ ಮಾತಾಡಿದರೂ ಮೊದಲು ಅವರ ಮಣಿಕಟ್ಟು ಹಿಡಿದು ನಾಡಿ ನೋಡುತ್ತಾಳೆ. ತರಕಾರಿಯವನದೂ ಸೈ, ರಿಕ್ಷಾದವನದೂ ಸೈ. ಹಿಡಿದರೆ ಉಡದ ಹಿಡಿತ. ಮಾತು ಮುಗಿಯುವ ತನಕ ಕೈ ನಿಮ್ಮದಲ್ಲ!

ಎರಡು ವರ್ಷದ ಹಿಂದೆ ಒಂದು ದಿನ ನನ್ನ ಕೈಯನ್ನೇ ಹಿಡಿದಳು.

"ಅಳ್ಯಾ, ವಿಜಯಪುರ ಕಲಬುರ್ಗಿ ಕಡಿಂದ ಮಂದಿ ಪೇಶಂಟ್ ಕರ್ಕೊಂಡು ಇಲ್ಲಿ ದವಾಖಾನಿಗೆ ಬರ್ತಾರ. ಬರೋವಾಗ ಒಂದು ಗಂಟು ಖಡಕ್ ರೊಟ್ಟಿ ತಂದಿರ್ತಾರ. ರೊಟ್ಟಿ ಎಂಟು ದಿನಕ್ಕ ಮುಗೀತಾವ. ರೋಗ ಮುಗಿಯಂಗಿಲ್ಲ. ಮುಂದ?"

"ಮುಂದ ವಡಾಪಾವ್ ಅದಲ್ಲ ಅತ್ತಿ" ಅಂದೆ. ಹಿಡಿತ ಬಿಗಿಯಾಯಿತು. ಆವತ್ತಿನಿಂದ ಅವಳ ಡ್ರೈವರ್ ನಾನೇ.

ಅವಳು ಕೇಳಿದ್ದು ಆನೆಯನ್ನಲ್ಲ, ಒಂಟೆಯನ್ನಲ್ಲ. ಪುಣೆಯ ಕ್ಯಾಂಪ್ ಬಡಾವಣೆಯಲ್ಲಿರುವ ನಮ್ಮ ಕನ್ನಡ ಚರ್ಚಿನ ಹಿಂದೆ ಒಂದು ಹಾಲ್ ಇದೆ, ಅದಕ್ಕೊಂದು ಅಡುಗೆಮನೆ ಇದೆ. ಕ್ರಿಸ್ಮಸ್ಸಿಗೆ, ಮದುವೆಗೆ ಬಿಟ್ಟರೆ ವರ್ಷವಿಡೀ ಬೀಗ. ವಾರಕ್ಕೆ ಮೂರು ಮಧ್ಯಾಹ್ನ ಆ ಬೀಗ ತೆಗೆದುಕೊಟ್ಟರೆ ಸಾಕು, ಪೇಶಂಟಿನ ಮನೆಯವರಿಗೆ ರೊಟ್ಟಿ, ಪಲ್ಯ ಮಾಡಿ ನೆರಳಲ್ಲಿ ಕೂರಿಸಿ ಬಡಿಸುತ್ತೇನೆ ಅಂದಳು. ಯಾವ ಜಾತಿ, ಯಾವ ದೇವರು ಅಂತ ಕೇಳುವುದಿಲ್ಲ. ಹಸಿದವರಿಗೆ ಉಣಿಸಿ ಅಂತ ಪ್ರತಿ ಭಾನುವಾರ ಬೋಧನೆ ಕೇಳುವ ಸಭೆ ಇದಕ್ಕೆ ಬೇಡ ಅಂದೀತೇ?

ಬೇಡ ಅನ್ನಲಿಲ್ಲ. ಬೇಡ ಅನ್ನುವಷ್ಟು ಪೆದ್ದರು ಚರ್ಚಿನ ಕಮಿಟಿಯಲ್ಲಿ ಯಾರೂ ಇಲ್ಲ! ಮೊದಲ ಅರ್ಜಿಗೆ "ವಿಷಯ ಪರಿಶೀಲನೆಯಲ್ಲಿದೆ" ಅಂದರು. ಎರಡನೆಯದಕ್ಕೆ ಒಂದು ಉಪಸಮಿತಿ ಮಾಡಿದರು. ಉಪಸಮಿತಿ ಒಂದು ಸಲ ಸೇರಿ, ಚಹಾ ಕುಡಿದು, ಮುಂದಿನ ಸಲ ಯಾವಾಗ ಸೇರುವುದೆಂದು ಚರ್ಚಿಸಿ ಎದ್ದಿತು. ಮೂರನೆಯ ಸಲ ಸೆಕ್ರೆಟರಿಯವರೇ ಖುದ್ದಾಗಿ ಆತಂಕ ತೋಡಿಕೊಂಡರು.

"ಅಕ್ಕಾರ, ಹಾಲ್‌ಗೆ ಹೊಸಾ ಟೈಲ್ಸ್ ಹಾಕ್ಸೇವಿ. ಎಣ್ಣಿ ಬಿದ್ರ ಜಾರ್ತದ್ರಿ."

"ರೊಟ್ಟಿಗೆ ಯಾರರ ಎಣ್ಣಿ ಹಾಕ್ತಾರೇನ್ರಿ ಸಾಹೇಬ್ರ? ನಿಮ್ಮ ಮನ್ಯಾಗ ಒಮ್ಮೆರ ಅಡಗಿಮನಿಗೆ ಹೋಗೀರೇನು?" ಅಂದ ಅತ್ತೆ ಅವರ ಮಣಿಕಟ್ಟು ಹಿಡಿದೇಬಿಟ್ಟಳು. "ನಾಡಿ ಭಾಳ ಜೋರ್ ಓಡಾಕತ್ತದ. ಸುಳ್ಳು ಹೇಳೋವಾಗ ಹಿಂಗ ಓಡ್ತದ ನೋಡ್ರಿ."

ಪಕ್ಕದಲ್ಲಿದ್ದ ಸೆಕ್ರೆಟರಿಯವರ ಹೆಂಡತಿ ಸೆರಗಿನಲ್ಲಿ ನಕ್ಕರು. ಪಾಪ, ನಮ್ಮ ಪಾಸ್ಟರ್ ಸಾಧು ಮನುಷ್ಯರು. ಬೈಬಲ್ಲಿನಲ್ಲಿ ನ್ಯಾಯಾಧಿಪತಿಯ ಬಾಗಿಲಿಗೆ ತಿರುಗಿ ತಿರುಗಿ ಕೊನೆಗೆ ಗೆದ್ದ ವಿಧವೆಯ ಕಥೆಯನ್ನು ನೆನಪಿಸಿ ಸಮಾಧಾನ ಹೇಳಲು ಹೋದರು.

"ಆಕಿಗೆ ಒಬ್ಬನ ನ್ಯಾಯಾಧಿಪತಿ ಇದ್ದ ಪಾಸ್ಟರ್. ನಂಗ ಹನ್ನೊಂದು ಮಂದಿ ಅದಾರ. ಅದರಾಗ ನಾಕು ಮಂದಿಗೆ ಕಿವಿ ಕೇಳಂಗಿಲ್ಲ."

ಇವರು ಕೊಡದಿದ್ದರೆ ಬೇರೆಯವರು ಕೊಟ್ಟಾರು ಅಂತ ಒಂದು ಭಾನುವಾರ ವಿಮಾನ ನಗರಕ್ಕೆ ಸವಾರಿ ಹೊರಟಿತು. ಅಲ್ಲಿ ಒಂದು ಹೋಟೆಲಿನ ಹಾಲ್ ಬಾಡಿಗೆಗೆ ಹಿಡಿದು ಐಟಿ ಹುಡುಗ ಹುಡುಗಿಯರು ಗಿಟಾರು, ಡ್ರಮ್ಮುಗಳ ಸಮೇತ ಆರಾಧನೆ ಮಾಡುತ್ತಾರೆ. ಮುಂದಾಳು ಬೆಂಗಳೂರಿನ ಹುಡುಗ, ತುಂಬ ವಿನಯವಂತ.

"ಸೂಪರ್ ಐಡಿಯಾ ಆಂಟಿ. ನೆಕ್ಸ್ಟ್ ವೀಕ್ ಒಂದು ಪ್ರೆಸೆಂಟೇಷನ್ ಕೊಟ್ಬಿಡಿ. ಜಾಸ್ತಿ ಬೇಡ, ಐದಾರು ಸ್ಲೈಡ್ ಇದ್ರೆ ಸಾಕು."

ಸ್ಲೈಡ್ ಅಂದರೇನು ಅಂತ ಸ್ಕೂಟರಿನ ಮೇಲೆ ಕೇಳಿ ತಿಳಿದುಕೊಂಡಳು. ಮುಂದಿನ ವಾರ ಬುಟ್ಟಿ ಹಿಡಿದು ವೇದಿಕೆ ಹತ್ತಿದಳು. ಒಂದು ಬಿಳಿ ಜೋಳದ ರೊಟ್ಟಿ ಎತ್ತಿ ಹಿಡಿದು, "ಇದು ಮೊದಲನೇ ಸ್ಲೈಡ್" ಅಂದಳು. ಎರಡನೆಯದು ಬದನೆಕಾಯಿ ಎಣಗಾಯಿ. ಮೂರನೆಯದು ಶೇಂಗಾ ಚಟ್ನಿ. ನಾಲ್ಕು ಮೊಸರು. ಐದನೆಯ ಸ್ಲೈಡ್ ತೆಗೆಯುವ ಹೊತ್ತಿಗೆ ಮೊದಲ ನಾಲ್ಕೂ ಹುಡುಗರ ಹೊಟ್ಟೆ ಸೇರಿದ್ದವು! ಬೆರಳು ನೆಕ್ಕುತ್ತಾ ಮುಂದಾಳು ಹೇಳಿದ: "ಆಂಟಿ, ನಮಗೇ ಸ್ವಂತ ಜಾಗ ಇಲ್ಲ. ಆದ್ರೆ ಡೆಫಿನೆಟ್ಲಿ ಪ್ರೇಯರ್ ಮಾಡ್ತೀವಿ."

"ಪ್ರಾರ್ಥನಾ ನಾ ಮಾಡ್ಕೋತೀನಿ. ನೀವು ಬಂದು ಬದನಿಕಾಯಿ ಹೆಚ್ಚರಿ" ಅಂದಳು ಅತ್ತೆ.

ಇಬ್ಬರು ಹುಡುಗಿಯರು ಹೆಸರು ಬರೆಸಿದರು. ಬದನೆಕಾಯಿ ಹೆಚ್ಚಲು ಜನ ಸಿಕ್ಕರು, ಹೆಚ್ಚುವುದಕ್ಕೆ ಜಾಗ ಸಿಗಲಿಲ್ಲ.

ಆಗಲೇ ಅವಳು ಕೊನೆಯ ಅಸ್ತ್ರ ತೆಗೆದದ್ದು. ನಮ್ಮಲ್ಲಿ ಒಂದು ಪದ್ಧತಿ ಇದೆ. ಒಬ್ಬರು ಎದ್ದು ಪ್ರಾರ್ಥನೆ ಶುರುಮಾಡಿದರೆ ಉಳಿದವರು ಕಣ್ಣು ಮುಚ್ಚಿ ನಿಲ್ಲಬೇಕು. ನಡುವೆ ಬಾಯಿ ಹಾಕುವಂತಿಲ್ಲ, ಜಾಗ ಬಿಟ್ಟು ಹೋಗುವಂತಿಲ್ಲ. ಪ್ರಾರ್ಥಿಸಿದವರು ಆಮೆನ್ ಅಂದಾಗ ಎಲ್ಲರೂ ಆಮೆನ್ ಅನ್ನಬೇಕು. ಹಾಗೆಯೇ ಆಗಲಿ ಅಂತ ಅದರರ್ಥ. ಬುಧವಾರದ ಕೂಟದಲ್ಲಿ ಅತ್ತೆ ಎದ್ದಳು.

"ಕರ್ತನೇ, ನಮ್ಮ ಸೆಕ್ರೆಟರಿ ಸಾಹೇಬರನ್ನ ಆಶೀರ್ವದಿಸು. ಅವರ ಮಣಕಾಲ ನೋವು ನಿಂಗ ಗೊತ್ತದ. ಅವರ ಬಿಪಿ ನಿಂಗ ಗೊತ್ತದ. ಹಾಲ್‌ನ ಕೀಲಿ ಅವರ ಪ್ಯಾಂಟಿನ ಎಡಗಡೆ ಕಿಸೆದಾಗ ಅದ ಅನ್ನೋದೂ ನಿಂಗ ಗೊತ್ತದ. ಅದು ಲಗೂನ ಹೊರಗ ಬರಲಿ. ಆಮೆನ್!"

"ಆಮೆನ್" ಅಂತು ಸಭೆ. ಅಭ್ಯಾಸಬಲ! ಸೆಕ್ರೆಟರಿಯವರೂ ಅಂದುಬಿಟ್ಟರು.

"ಆತಲ್ರಿ, ಎಲ್ಲಾರೂ ಒಪ್ಪಿದ್ರಲ್ಲ" ಅಂದಳು ಅತ್ತೆ. ಸೆಕ್ರೆಟರಿ ಸಾಹೇಬರು ರೈಲ್ವೆ ಆಫೀಸಿನಲ್ಲಿ ಹಣ್ಣಾದವರು, ಅಷ್ಟು ಸುಲಭಕ್ಕೆ ಸಿಗುತ್ತಾರೆಯೇ? "ಆಮೆನ್ ಅಂದದ್ದು ಠರಾವು ಆಗಂಗಿಲ್ರಿ ಅಕ್ಕಾರ" ಅಂದರು. ಮುಂದಿನ ಬುಧವಾರದಿಂದ ಅವರು ತುಟಿ ಬಿಗಿಹಿಡಿದು ನಿಂತರು. ಅವರ ಪಾಲಿನ ಆಮೆನ್ನನ್ನು ಅವರ ಹೆಂಡತಿ ಎರಡರಷ್ಟು ಗಟ್ಟಿಯಾಗಿ ಹೇಳತೊಡಗಿದರು.

ಹೀಗೆ ಒಂದು ವರ್ಷ. ನನಗಂತೂ ಸಾಕಾಗಿಹೋಗಿತ್ತು. "ಬಿಡು ಅತ್ತಿ, ಯಾಕ್ ಇಷ್ಟು ಹಠ?" ಅಂದೆ ಒಮ್ಮೆ. ಅವಳು ನನ್ನ ಮಣಿಕಟ್ಟು ಬಿಟ್ಟು ತನ್ನ ಅಂಗೈ ನೋಡಿಕೊಂಡಳು. ಮಾತಿನ ನಡುವೆ ಅವಳು ಕೈ ಬಿಟ್ಟದ್ದು ಅದೇ ಮೊದಲು. ನಾನು ಪೆದ್ದ, ಗಮನಿಸಲಿಲ್ಲ.

ಆಮೇಲೆ ಬಂತು ವಾರ್ಷಿಕ ಸಭೆ. ಸಭೆಯ ಕೊನೆಗೆ ಬಂದವರಲ್ಲಿ ಹಿರಿಯರು ಪ್ರಾರ್ಥನೆ ಮಾಡುವುದು ರೂಢಿ. ಪ್ರತಿ ವರ್ಷ ಮಾಡುತ್ತಿದ್ದ ಹಿರಿಯರು ಆ ಸಲ ತಳೇಗಾಂವದ ಮಗಳ ಮನೆಗೆ ಹೋಗಿದ್ದರು. ಹಾಗಾದರೆ ಮುಂದಿನ ಹಿರಿಯರು ಯಾರು? ಸೆಕ್ರೆಟರಿಯವರಿಗೆ ಹೊಳೆಯುವಷ್ಟರಲ್ಲಿ ಪಾಸ್ಟರ್ ಅತ್ತೆಯನ್ನು ಕರೆದಾಗಿತ್ತು!

ಹೊರಗೆ ಬಿರಿಯಾನಿಯ ಹಂಡೆ ಇಳಿದಿತ್ತು. ಒಳಗೆ ಅತ್ತೆ ಎಲ್ಲ ಹಿರೀಕರನ್ನು ಸ್ಮರಿಸಿ, ಆಮೇಲೆ ಮಾತಿನಲ್ಲೇ ದವಾಖಾನೆಗೆ ಬಂದು, ವಾರ್ಡಿನಿಂದ ವಾರ್ಡಿಗೆ, ಮಂಚದಿಂದ ಮಂಚಕ್ಕೆ ಪ್ರಾರ್ಥಿಸತೊಡಗಿದಳು. ಇಪ್ಪತ್ತು ನಿಮಿಷವಾಯಿತು. ಮುದುಕರು ಕುರ್ಚಿ ತಡಕಿದರು.

"ಕರ್ತನೇ, ಬಿರಿಯಾನಿ ಆರಾಕತ್ತದ ಅಂತ ನಂಗೂ ಗೊತ್ತದ. ಆದ್ರ ಏನ್ ಮಾಡ್ಲಿ, ಆಮೆನ್ ಅನ್ನಾಕ ಬಾಯಿ ಬರವಲ್ದು. ನನ್ನ ಕೈ ಖಾಲಿ ಅದ." ಹಾಗೆಂದು ಬಲಗೈ ಚಾಚಿ ನಿಂತಳು. ಚಾಚಿದ್ದು ಆಕಾಶದ ಕಡೆಗಲ್ಲ, ಸೆಕ್ರೆಟರಿಯವರ ಕಡೆಗೆ.

ನಾನು ನೋಡುತ್ತಲೇ ಇದ್ದೆ. ಸಾಹೇಬರು ಕಣ್ಣು ಮುಚ್ಚಿಕೊಂಡೇ ಎಡಗಡೆ ಕಿಸೆಗೆ ಕೈ ಹಾಕಿದರು. ಕೀಲಿ ತೆಗೆದು ಆ ಅಂಗೈಯಲ್ಲಿಟ್ಟರು. ಅತ್ತೆಯೂ ಕಣ್ಣು ತೆರೆಯಲಿಲ್ಲ, ಬೆರಳಿನಿಂದ ಸವರಿ ನೋಡಿದಳು.

"ಕರ್ತನೇ, ಇದು ಹಾಲ್‌ದು. ಅಡಗಿಮನಿ ಕೀಲಿ ಬ್ಯಾರೆ ಅದ."

ಅದೂ ಬಂತು. "ಆಮೆನ್!" ಅಂದಳು. ಅಂಥ ಆಮೆನ್ನನ್ನು ನಮ್ಮ ಚರ್ಚು ಹಿಂದೆಂದೂ ಕೇಳಿರಲಿಲ್ಲ! "ಸರ್ವಾನುಮತದಿಂದ" ಅಂತ ಸೆಕ್ರೆಟರಿಯವರು ಠರಾವಿನ ಪುಸ್ತಕದಲ್ಲಿ ಸ್ವಂತ ಕೈಯಿಂದ ಬರೆದುಕೊಂಡರು.

ಶುರುವಾಗುವ ದಿನ ಬೆಳಿಗ್ಗೆ ಅಡುಗೆಮನೆಯಲ್ಲಿ ಅವಳು ರೊಟ್ಟಿ ಬಡಿಯುತ್ತಿದ್ದಳು, ನಾನು ಬೇಯಿಸುತ್ತಿದ್ದೆ. ಸುಟ್ಟದ್ದೇ ಹೆಚ್ಚು, ಇರಲಿ. "ಗೆದ್ದೆಲ್ಲ ಅತ್ತಿ! ಇನ್ನರ ನಗು" ಅಂದೆ. ಅವಳು ತಲೆ ಎತ್ತದೆ ಹೇಳಿದಳು:

"ಈ ಕೈಯಿಂದ ಒಂದು ಗಂಟು ರೊಟ್ಟಿ ಕಸದ ಡಬ್ಬಿಗೆ ಒಗದೀನಿ, ಅಳ್ಯಾ."

ಅದು ಅವಳು ನರ್ಸ್ ಕೆಲಸಕ್ಕೆ ಸೇರಿದ ಹೊಸತು. ವಾರ್ಡಿನಲ್ಲಿ ಇರುವೆಗಳ ಕಾಟ, ಮೇಟ್ರನ್ ರೌಂಡಿಗೆ ಬರುವ ಹೊತ್ತು. ಸಿಂದಗಿ ಕಡೆಯ ಒಬ್ಬ ಮುದುಕಿ ಮಗನ ಮಂಚದ ಕೆಳಗೆ ರೊಟ್ಟಿಯ ಗಂಟು ಇಟ್ಟಿದ್ದಳು. ಅತ್ತೆ ಅದನ್ನು ಎತ್ತಿ ಒಗೆದಳು, ಬೈದಳು.

"ಮರಾಠಿಯೊಳಗ ಬೈದೆ. ಕನ್ನಡ ಬರ್ತದ ಅಂತ ಗೊತ್ತಾದ್ರ ಎಲ್ಲಾರೂ ನನ್ನ ಬೆನ್ನು ಹತ್ತತಾರಂತ ಒಂದು ಮಾತೂ ಕನ್ನಡದಾಗ ಆಡಲಿಲ್ಲ. ಆಕಿ ಮೂರು ದಿನ ಬರೇ ನಳದ ನೀರು ಕುಡದಾಳ, ನಂಗ ಗೊತ್ತ ಇಲ್ಲ. ನಾಕನೇ ದಿನ ನಳದ ಮುಂದ ಬಿದ್ದಳು. ನಾನ ಓಡಿ ಹೋಗಿ ನಾಡಿ ಹಿಡದೆ. ಎಷ್ಟೊತ್ತು ಹುಡುಕಿದ್ರೂ ಸಿಗವಲ್ದು. ಆಮ್ಯಾಲ ಸಿಕ್ತು, ಭಾಳ ಸಣ್ಣಗ."

"ಬದುಕಿದಳಾ?"

"ಬದುಕಿದಳು. ಮಗನ್ನ ಕರ್ಕೊಂಡು ಊರಿಗೆ ಹೋಗೋವಾಗ ನಂಗ ಕೈ ಮುಗದು ಹ್ವಾದಳು."

ತವೆಯ ಮೇಲಿನ ರೊಟ್ಟಿ ಕರಿದಾಯಿತು. ಎರಡು ವರ್ಷ ಇವಳನ್ನು ಆಡಿಕೊಂಡು ನಕ್ಕವನು ನಾನು. ನನಗೆ ಬಹಳ ನಾಚಿಕೆಯಾಯಿತು.

ಮಧ್ಯಾಹ್ನ ಮೊದಲು ಬಂದವಳು ಒಬ್ಬ ಮುದುಕಿ, ಕಂಕುಳಲ್ಲಿ ತನ್ನದೇ ಒಂದು ಗಂಟು. ಹೊಸ ಟೈಲ್ಸ್ ನೋಡಿ ಹೊಸ್ತಿಲಲ್ಲೇ ನಿಂತಳು. "ಇಲ್ಲಿ ಕುಂತು ಉಣ್ಣಬಹುದೇನ್ರಿ? ಯಾರೂ ಬೈಯಂಗಿಲ್ಲಲ್ರಿ?" ಅಂದಳು. ಅತ್ತೆ ಹೋಗಿ ಅವಳ ಮಣಿಕಟ್ಟು ಹಿಡಿದುಕೊಂಡು ಒಳಗೆ ಕರೆತಂದಳು.

"ಅಕ್ಕಾರ, ನೀವ ಪ್ರಾರ್ಥನಾ ಮಾಡ್ರಿ" ಅಂದರು ಪಾಸ್ಟರ್. ಅನುಭವಸ್ಥರೆಲ್ಲ ಗೋಡೆಗೆ ಒರಗಿದರು. ಸೆಕ್ರೆಟರಿಯವರು ಒಂದು ಕುರ್ಚಿ ಎಳೆದುಕೊಂಡರು.

ಅತ್ತೆ ಕಣ್ಣು ಮುಚ್ಚಿದಳು. ಬಾಯಿ ತೆರೆದಳು. ಮುದುಕಿಯ ಕೈ ಹಿಡಿದು ಹಾಗೆಯೇ ನಿಂತಳು. ನಾಡಿ ನೋಡುತ್ತಿರಲಿಲ್ಲ, ಸುಮ್ಮನೆ ಹಿಡಿದಿದ್ದಳು. ಕರ್ತನೇ ಅನ್ನಲೂ ಇಲ್ಲ, ಆಮೆನ್ ಅನ್ನಲೂ ಇಲ್ಲ. ನನ್ನ ಕಣ್ಣು ತುಂಬಿತು. ಪ್ರಾರ್ಥನೆಯಲ್ಲಿ ಮೊದಲ ಸಲ ನಾನೂ ಕಣ್ಣು ಮುಚ್ಚಿದೆ.

ಆಗ ಒಂದು ದನಿ ಗಟ್ಟಿಯಾಗಿ "ಆಮೆನ್" ಅಂದಿತು. ಸೆಕ್ರೆಟರಿಯವರದು. ಅವರ ಹಿಂದೆಯೇ ನಾವೆಲ್ಲ ಅಂದೆವು.

ಅತ್ತೆ ಮುದುಕಿಯನ್ನು ಚಾಪೆಯ ಮೇಲೆ ಕೂರಿಸಿ, ತಟ್ಟೆಗೆ ರೊಟ್ಟಿ ಹಾಕಿ, ಕನ್ನಡದಲ್ಲಿ ಹೇಳಿದಳು: "ಉಣ್ಣಬೇ ಯವ್ವಾ. ಯಾರೂ ಬೈಯಂಗಿಲ್ಲ."