ಅವ್ವನ ಸಾರಿನ ಪಾತ್ರೆ, ನನ್ನ ರಕ್ತದ ಸೀಸ

೨೦೦೪ನೇ ಇಸವಿ, ಜೂನ್ ೧೪, ಸೋಮವಾರ, ಬೆಳಗ್ಗೆ ಏಳು ಗಂಟೆ ಹತ್ತು ನಿಮಿಷ. ನಮ್ಮ ಅಡುಗೆಮನೆಯಲ್ಲಿ ಒಬ್ಬ ಕೊಲೆಗಾರನಿದ್ದಾನೆ ಎಂಬುದು ಆ ಹೊತ್ತಿಗೆ ನನಗೆ ಖಚಿತವಾಯಿತು. ದಿನಚರಿಯಲ್ಲಿ ಹಾಗೆಂದೇ ಬರೆದು, ಕೆಳಗೆ ಗೆರೆ ಎಳೆದೆ.

ಕೊಲೆಗಾರ ಬೇರೆ ಯಾರೂ ಅಲ್ಲ. ಅವ್ವ ಸಾರು ಮಾಡುವ ಹಿತ್ತಾಳೆ ಪಾತ್ರೆ! ಅದು ಅವ್ವನ ಮದುವೆಯಲ್ಲಿ ನನ್ನ ಅಜ್ಜಿ ಕೊಟ್ಟದ್ದು. ಹುಳಿ ತಾಗಿ ಕಿಲುಬು ಬಿಡಬಾರದೆಂದು ಅವ್ವ ಪ್ರತಿ ವರ್ಷ ಅದರ ಒಳಮೈಗೆ ಕಲಾಯಿ ಹಾಕಿಸುತ್ತಾಳೆ. ಆ ಬೆಳಗ್ಗೆ ಪತ್ರಿಕೆಯ ಆರೋಗ್ಯ ಪುಟದಲ್ಲಿ ಓದಿದೆ: ಕೆಲವರು ಕಲಾಯಿಗೆ ಸೀಸ ಬೆರೆಸುತ್ತಾರಂತೆ. ಅದು ರಕ್ತಕ್ಕೆ ಸೇರಿದರೆ ಹೊಟ್ಟೆನೋವು, ಮರೆವು, ಸಿಡುಕು ಬರುತ್ತವಂತೆ. ನನಗೆ ಮೂರೂ ಇದ್ದವು. ಯಾವ ದಿನ ಎಷ್ಟು ಹೊತ್ತು ನೋವು ಬಂತೆಂದು ಬರೆದಿಟ್ಟ ಲೆಕ್ಕವನ್ನು ಅವ್ವನಿಗೆ ಓದಿ ಹೇಳಿದೆ.

"ಒಟ್ಟೆ ನೋವು ಬಂದ್ರೆ ಪಾತ್ರೆ ಮ್ಯಾಲೆ ಯಾಕ್ಲಾ ತಪ್ಪು ಒರಿಸೀಯ?" ಎಂದಳು ಅವ್ವ. "ದಿನಾ ಸಂಜೆ ಚುರುಮುರಿ ತಿಂದ್ಕಂಡು ಬತ್ತೀಯಲ್ಲ, ಅದ್ನ ಕೇಳು."

"ಇದು ವಿಜ್ಞಾನ ಕಣವ್ವ!"

"ನಿನ್ ವಿಜ್ಞಾನ ಒಂದಿನಾನಾದ್ರೂ ಪಾತ್ರೆ ತೊಳ್ದಿದ್ದದಾ?"

ನೋವಿನ ಲೆಕ್ಕ ಹಿಡಿದುಕೊಂಡು ಮೈಸೂರಿನ ಕೆಸರೆಯ ನಮ್ಮ ಡಾಕ್ಟರ ಬಳಿ ಹೋದೆ. "ಏನು ಕೆಲಸ ಮಾಡ್ತೀರಿ?" ಎಂದು ಅವರು ಕೇಳಿದರು. ದೇವರಾಜ ಮೊಹಲ್ಲಾದ ಅಂಗಡಿಯೊಂದರಲ್ಲಿ ಟಿ.ವಿ. ರಿಪೇರಿ ಮಾಡುತ್ತೇನೆ ಎಂದರೆ ಸಾಕಿತ್ತು. ನಾನು ಗಂಭೀರವಾಗಿ, "ಎಲೆಕ್ಟ್ರಾನಿಕ್ಸ್ ಕ್ಷೇತ್ರದಲ್ಲಿದ್ದೇನೆ" ಎಂದೆ. ಅವರು ತಲೆಯಾಡಿಸಿ ರಕ್ತದ ಸೀಸದ ಪರೀಕ್ಷೆ ಬರೆದುಕೊಟ್ಟರು. ಹೋಲಿಸಿ ನೋಡಲು ಅವ್ವನದೂ ಆಗಲಿ ಎಂದು ಹಟ ಹಿಡಿದವನು ನಾನೇ.

ಶಾಸ್ತ್ರೋಕ್ತವಾಗಿರಲೆಂದು ಹಿಂದಿನ ರಾತ್ರಿಯಿಂದಲೇ ಇಬ್ಬರನ್ನೂ ಉಪವಾಸ ಕೆಡವಿದೆ. ಲ್ಯಾಬಿನ ಹೆಂಗಸು ಚೀಟಿ ನೋಡಿ, "ಇದಕ್ಕೆ ಉಪವಾಸ ಬೇಕಾಗಿರ್ಲಿಲ್ಲ ಕಣ್ರೀ" ಎಂದರು. ಅವ್ವ ನನ್ನನ್ನು ನೋಡಿದ ನೋಟವನ್ನು ಇಲ್ಲಿ ಬರೆಯಲಾರೆ. ಮೊದಲು ಅವಳೇ ಕೈ ಚಾಚಿ ರಕ್ತ ಕೊಟ್ಟಳು, ಅವರೆಕಾಯಿ ಚೌಕಾಸಿ ಮಾಡುವಷ್ಟೇ ಸಲೀಸಾಗಿ. ನಂತರ ನನ್ನ ಸರದಿ. ಸೂಜಿ ಕಂಡದ್ದು ನೆನಪಿದೆ. ಆಮೇಲೆ ಕಂಡದ್ದು ಲ್ಯಾಬಿನ ಚಾವಣಿ.

"ಗಂಡಸು ಕಣಮ್ಮ ಇವ್ನು," ಎಂದು ಅವ್ವ ಆ ಹೆಂಗಸಿಗೆ ನನ್ನ ಪರಿಚಯ ಮಾಡಿಕೊಡುತ್ತಿದ್ದಳು.

ರಕ್ತ ಬೆಂಗಳೂರಿಗೆ ಹೋಯಿತು. ಮುಂದಿನ ವಾರ ಇಬ್ಬರ ವರದಿಯೂ ಒಂದೇ ಲಕೋಟೆಯಲ್ಲಿ ಬಂತು. ಲ್ಯಾಬಿನ ಮೆಟ್ಟಿಲ ಮೇಲೆಯೇ ಒಡೆದೆ. ಮೇಲಿನ ಹಾಳೆ ನನ್ನದು. ಸೀಸ, ಇರಬೇಕಾದ್ದಕ್ಕಿಂತ ಹೆಚ್ಚು! ತನ್ನ ರಕ್ತದಲ್ಲಿ ವಿಷವಿದೆ ಎಂದು ಇಷ್ಟು ಸಂತೋಷಪಟ್ಟ ರೋಗಿ ಮೈಸೂರಿನಲ್ಲಿ ಮತ್ತೊಬ್ಬನಿರಲಾರ. ಕೆಳಗಿನ ಹಾಳೆಯನ್ನು ಯಾಕೆ ನೋಡಬೇಕು? ಗೆದ್ದಾಗಿತ್ತಲ್ಲ!

ನೇರ ಮನೆಗೆ ಬಂದೆ. ಅವ್ವ ನ್ಯಾಯಬೆಲೆ ಅಂಗಡಿಗೆ ಹೋಗಿದ್ದಳು. ಕೊಲೆಗಾರನನ್ನು ಚೀಲಕ್ಕೆ ಹಾಕಿ, ನಮ್ಮ ರಿಪೇರಿ ಅಂಗಡಿಯ ಎದುರಿನ ಪಾತ್ರೆ ಸಾಹುಕಾರರಿಗೆ ಕೊಟ್ಟು, ಬದಲಿಗೆ ಫಳಫಳ ಹೊಳೆಯುವ ಸ್ಟೀಲ್ ಪಾತ್ರೆ ತಂದು ಒಲೆಯ ಮೇಲಿಟ್ಟೆ.

ಅವ್ವ ಬಂದಳು. ಒಲೆ ನೋಡಿದಳು. ಬೈಯಲಿಲ್ಲ. ಅಲ್ಲಿಯೇ ನನಗೆ ಭಯ ಶುರುವಾಯಿತು.

"ನಡಿ, ಡಾಕ್ಟ್ರತ್ರ," ಎಂದಳು, ನನ್ನ ಕೈಯ ಲಕೋಟೆ ನೋಡಿ.

ಡಾಕ್ಟರು ಮೊದಲ ಹಾಳೆ ಓದಿ ಹುಬ್ಬೇರಿಸಿದರು. ಎರಡನೆಯದು ಓದಿ ಹುಬ್ಬಿಳಿಸಿದರು. "ನಿಮ್ಮ ತಾಯಿಯವರ ರಕ್ತದಲ್ಲಿ ಏನೂ ತೊಂದರೆ ಇಲ್ವಲ್ರೀ. ಇಬ್ಬರೂ ಉಣ್ಣೋದು ಒಂದೇ ಪಾತ್ರೆ ಸಾರು ತಾನೆ?"

"ನಾನು ಮುದ್ದೆಗೊಂದಪ, ಅನ್ನಕ್ಕೊಂದಪ ಎಲ್ಡು ಸತಿ ಉಯ್ಕೊತೀನಿ ಸಾಮಿ," ಎಂದಳು ಅವ್ವ.

"ಹಾಗಾದ್ರೆ ಪಾತ್ರೆಯದಲ್ಲ. ನಿಮ್ಮ ಎಲೆಕ್ಟ್ರಾನಿಕ್ಸ್ ಕ್ಷೇತ್ರದಲ್ಲಿ ಸೋಲ್ಡರಿಂಗ್, ಅಂದ್ರೆ ಬೆಸುಗೆ ಕೆಲಸ, ಮಾಡ್ತೀರಾ?"

ನಾನು ಬಾಯಿ ತೆರೆಯುವ ಮೊದಲೇ ಅವ್ವ ಹೇಳಿದಳು: "ಮಾಡ್ತಾನೆ ಬುಡಿ. ಒಂದ್ ಕೈಲಿ ಕಾಯ್ಸೋ ಕಡ್ಡಿ, ಇನ್ನೊಂದ್ ಕೈಲಿ ಟಿ.ವಿ. ಒಳಗಿನ ಹಲಗೆ. ಆ ಬೆಳ್ಳಗಿರೋ ತಂತೀನ ಹಲ್ಲಲ್ಲಿ ಕಚ್ಕೊಂಡೇ ಇರ್ತಾನೆ. ಮನೇಲೂ ಅದೇ ಕತೆ. ಉಣ್ಣಕ್ಕೆ ಕೂಗುದ್ರೂ ಊಂ ಅಂತಾನೇ ಹೊರ್ತು ಬಾಯಿ ಬುಡಲ್ಲ."

"ಆ ತಂತೀಲಿ ಅರ್ಧದ ಹತ್ತಿರ ಸೀಸವೇ ಕಣ್ರೀ!" ಎಂದರು ಡಾಕ್ಟರು. "ಹೊಟ್ಟೆನೋವಿನ ಲೆಕ್ಕ ಇಟ್ಟಿದ್ದೀರಿ, ಬಾಯಿಗೆ ಏನು ಹೋಗ್ತಿದೆ ಅಂತ ಇಟ್ಟಿಲ್ವಾ?"

ಇಟ್ಟಿರಲಿಲ್ಲ.

ಅಲ್ಲಿಂದ ದೇವರಾಜ ಮೊಹಲ್ಲಾಕ್ಕೆ ಓಡಿದೆ. ಸಾಹುಕಾರರು ಅಂಗಡಿಯ ಹಿಂಬದಿ ತೋರಿಸಿದರು. ಹಿತ್ತಾಳೆಯ ಚಾಮುಂಡಿ ಬೆಟ್ಟ! ಅಳತೆ ಅಂದಾಜು ಮಾಡಿ ಒಂದನ್ನು ಆರಿಸಿ ಮನೆಗೆ ತಂದೆ. ಅವ್ವ ಬೆರಳ ಗೆಣ್ಣಿನಿಂದ ಒಮ್ಮೆ ಬಡಿದಳು. "ನಮ್ದಲ್ಲ." ಇನ್ನೊಂದು ತಂದೆ. ಬಡಿಯಲೂ ಇಲ್ಲ. ಮೂರನೆಯ ಸಲ ಹೋದಾಗ ಸಾಹುಕಾರರು ಕನಿಕರದಿಂದ, "ಅಂಚು ಒಂಚೂರು ಒಳಕ್ಕೆ ತಗ್ಗಿತ್ತಲ್ಲ, ಅದಾ? ಆಗ್ಲೇ ಯಾರೋ ತಕೊಂಡೋದ್ರು ಬುಡಿ. ಮೊದ್ಲೇ ಹೇಳ್ಬಾರ್ದಾ?" ಎಂದರು.

"ಪಾತ್ರೆ ಬರೋಗಂಟ ಸಾರಿಲ್ಲ," ಎಂದು ಅವ್ವ ತೀರ್ಪು ಕೊಟ್ಟಳು. ಸ್ಟೀಲ್ ಪಾತ್ರೆಯಲ್ಲಿ ನಾನೇ ಒಮ್ಮೆ ಸಾರು ಮಾಡಿದೆ. ಉಂಡ ಮೇಲೆ ಅವ್ವ, "ಇದಕ್ಕಿಂತ ಸೀಸನೇ ಮೇಲು" ಎಂದಳು.

ತಂತಿಯನ್ನು ಬಾಯಿಂದ ತೆಗೆದೆ, ಉಣ್ಣುವ ಮುನ್ನ ಸೋಪು ಹಾಕಿ ಕೈ ತೊಳೆದೆ. ಸೆಪ್ಟೆಂಬರಿನಲ್ಲಿ ಮತ್ತೆ ಪರೀಕ್ಷೆ ಮಾಡಿಸಿದಾಗ ಸೀಸ ಇಳಿದಿತ್ತು. ಹೊಟ್ಟೆನೋವು ಹೋಗಿದೆ. ಸಿಡುಕು ಈಗ ಅವ್ವನ ಪಾಲಾಗಿದೆ. ಮುದ್ದೆಗೆ ಮಾತ್ರ ಇಂದಿಗೂ ಉಪ್ಪಿನಕಾಯಿಯೇ.

ಆದ್ದರಿಂದ ಓದುಗರಲ್ಲಿ ವಿನಂತಿ. ಜೂನ್ ಕೊನೆಯಲ್ಲಿ ದೇವರಾಜ ಮೊಹಲ್ಲಾದಲ್ಲಿ ಹಳೆಯ ಹಿತ್ತಾಳೆ ಪಾತ್ರೆ ಕೊಂಡವರು ಯಾರಾದರೂ ಇದ್ದರೆ, ಅಂದಿನಿಂದ ನಿಮ್ಮ ಮನೆಯ ಸಾರು ಕಾರಣವಿಲ್ಲದೆ ರುಚಿಯಾಗಿದ್ದರೆ, ದಯವಿಟ್ಟು ಈ ಪತ್ರಿಕೆಗೆ ಬರೆದು ತಿಳಿಸಿ. ಪಾತ್ರೆ ಕೊಡಲು ಮನಸ್ಸಿಲ್ಲದಿದ್ದರೂ ಬರೆಯಿರಿ. ತಟ್ಟೆ, ಮುದ್ದೆ ನಾನೇ ತರುತ್ತೇನೆ!