ಕರಗದ ಬೆಸುಗೆ

ಬೆಸುಗೆ ಬಿಡಿಸುವ ಕಲೆ ನನಗೆ ಹುಟ್ಟಿನಿಂದಲೇ ಒಲಿದಿದೆ ಎಂಬುದು ಮೂರು ವೀಡಿಯೋ ನೋಡಿದ ಮೇಲೆ ಖಚಿತವಾಯಿತು!

ನನ್ನ ಕೈಗೆ ಸಿಕ್ಕಿದ್ದು ಒಣಹಾಕಿದ ಕಾಫಿಯ ತೇವ ಅಳೆಯುವ ಮೀಟರು. ನಮ್ಮದಲ್ಲ, ಮಲ್ಲಂದೂರಿನ ಪ್ರಸನ್ನಣ್ಣನದು. ಎರಡು ದಿನಕ್ಕೆಂದು ತಂದಿದ್ದೆವು. ಅದರ ಸ್ವಿಚ್ಚು ನನ್ನ ಬೆರಳಿನ ಕೆಳಗೇ ಕೈಕೊಟ್ಟಿತು. ಅವತ್ತು ಸಂಜೆ ಅವರ ಕಾಫಿ ಮೂಟೆಗಳು ತೇವ ಅಳೆಸಿಕೊಂಡೇ ಲಾರಿ ಹತ್ತಬೇಕು. ಅಷ್ಟರೊಳಗೆ ಮೀಟರು ಅವರ ಕೈ ಸೇರಬೇಕು.

"ಹಾಳಾಯ್ತು ಅಂತ ಹೇಳಿ ಕೊಟ್ಬಿಡೋಣ," ಎಂದರು ನನ್ನ ಗಂಡ ಅಶ್ವಿನ್.

"ಮಾನ ಹೋಗುತ್ತೆ ರೀ! ಹಳೇ ಸ್ವಿಚ್ಚು ತೆಗೆದು ಹೊಸದು ಕೂರಿಸ್ತೀನಿ. ಅದಕ್ಕಿರೋದು ನಾಲ್ಕೇ ಕಾಲು, ನಾಲ್ಕೇ ನಿಮಿಷ."

"ಬೆಸುಗೆಗೆ ಮುನ್ನೂರೈವತ್ತು ಡಿಗ್ರಿ ಬೇಕಂತೆ. ನಿನ್ನ ಹತ್ರ ಇರೋದು ಒಂದು ಬಿ.ಎ.!"

ಕಾದ ಬೆಸುಗೆ ಕಡ್ಡಿ ಮುಟ್ಟಿಸುತ್ತಲೇ ಮೂರು ಕಾಲುಗಳ ಬೆಸುಗೆ ಬೆಣ್ಣೆಯಂತೆ ಕರಗಿತು. ಸಾಮ್ರಾಜ್ಞಿಯಂತೆ ಸುತ್ತ ನೋಡಿದೆ! ನಾಲ್ಕನೆಯದು ಮಾತ್ರ ಕಡಲೆಕಾಳಿನಷ್ಟು ದಪ್ಪ, ಬೂದಿ ಬಣ್ಣ, ಬಂಡೆಯ ಸ್ವಭಾವ. ಹಟ ಮಾಡುವ ಬೆಸುಗೆಗೆ ಸ್ವಲ್ಪ ಹೊಸ ಬೆಸುಗೆ ಬೆರೆಸಿ ಎಂದಿತ್ತು ವೀಡಿಯೋ. ಬೆರೆಸಿದೆ. ಕೆಸುವಿನೆಲೆಯ ಮೇಲಿನ ನೀರಿನಂತೆ ಉರುಳಿಹೋಯಿತು. ಒಂದು ಗಂಟೆ ಕಾಯಿಸಿದೆ. ಕರಗಿದ್ದು ನಾನು!

"ದಹನ ಸಂಸ್ಕಾರ ಎಷ್ಟೊತ್ತಿಗೆ ಮುಗಿಯುತ್ತೆ?" ಅಶ್ವಿನ್ ಮೂಗು ಮುಚ್ಚಿಕೊಂಡು ಕೇಳಿದರು.

ರೋಷ ಉಕ್ಕಿತು. ಚಾಕುವಿನ ತುದಿಯಿಂದ ಮೀಟಿದೆ. ಟಕ್! ಬೂದಿ ಗುಂಡು ಎದ್ದು ಬಂತು. ಅದರ ಬೆನ್ನಿಗೇ ಬೋರ್ಡಿನ ತಾಮ್ರದ ಗೆರೆಯೂ ಸುರುಳಿಯಾಗಿ ಎದ್ದು ಬಂತು. ಹೊಸ ಸ್ವಿಚ್ಚಿಗೆ ಕಾಲೂರಲು ನೆಲವೇ ಉಳಿಯಲಿಲ್ಲ.

ಸಂಜೆ ಮೀಟರಿನ ಅವಶೇಷಗಳನ್ನು ಟಿಫಿನ್ ಡಬ್ಬಿಯಲ್ಲಿಟ್ಟುಕೊಂಡು ಮಲ್ಲಂದೂರಿಗೆ ಹೋದೆವು. ಲಾರಿ ಆಗಲೇ ಬಂದು ನಿಂತಿತ್ತು. ತಲೆ ತಗ್ಗಿಸಿ ಬೂದಿ ಗುಂಡನ್ನು ತೋರಿಸಿದೆ.

"ಇಂಥ ಬೆಸುಗೆ ಎಲ್ಲೂ ಕಂಡಿಲ್ಲ ಪ್ರಸನ್ನಣ್ಣ. ಒಂದು ಗಂಟೆ ಕಾಯಿಸಿದ್ರೂ ಕರಗ್ಲಿಲ್ಲ."

"ಅದೆಲ್ಲಿ ಕರಗುತ್ತೆ? ಅದು ಎಂ-ಸೀಲ್!" ಅವರ ಮುಖ ಅರಳಿತು. "ಹೋದ ವರ್ಷ ಆ ಕಾಲು ಕಿತ್ತು ಬಂದಿತ್ತು. ತಂತಿ ಸುತ್ತಿ, ಪೈಪಿನ ತೂತಿಗೆ ಮೆತ್ತೋ ಹಾಗೆ ನಾನೇ ಮೆತ್ತಿದ್ದೆ. ಗಟ್ಟಿ ಇತ್ತಾ?"

"ತುಂಬಾ," ಎಂದೆ.

ಅವರು ಹೆಂಡತಿಯನ್ನು ಕೂಗಿದರು. "ಕುಸುಮಾ, ಇನ್ನೊಂದು ಎಂ-ಸೀಲ್ ತಗೊಂಡ್ ಬಾ!"

ಹೊಸ ಸ್ವಿಚ್ಚಿಟ್ಟು, ತಂತಿ ಸುತ್ತಿ, ಮೇಲೊಂದು ಮುದ್ದೆ ಮೆತ್ತಿ, ನನ್ನ ಹೆಬ್ಬೆರಳನ್ನು ಹಿಡಿದು ಅದರ ಮೇಲೆ ಒತ್ತಿದರು. ಮೀಟರು ಮಿನುಗಿತು! ನಾನು ಖುಷಿಯಿಂದ ಕೈ ತೆಗೆದೆ. ಆರಿತು.

"ಇದು ಗಟ್ಟಿ ಆಗೋಕೆ ಇನ್ನೂ ಹೊತ್ತಿದೆ. ಲಾರಿ ತುಂಬೋವರೆಗೂ ನೀನೇ ಬೆಸುಗೆ ಮಾರಾಯ್ತಿ, ಅಲ್ಲಾಡ್ಬೇಡ!"