ಎದುರುಗಾಳಿ ಮತ್ತು ಬಿಗಿದ ಹಾಯಿ

ಬಿಗಿಯಾಗಿ ಕಟ್ಟಿದ್ದೆಲ್ಲ ಸರಿಯಾಗಿ ಕಟ್ಟಿದ್ದು ಎಂದು ನಂಬಿ ಬೆಳೆದವನು ನಾನು. ಮಳೆಗಾಲಕ್ಕೆ ಮುಂಚೆ ಮಂಗಳೂರಿನಲ್ಲಿ ಮನೆಯೆದುರು ಟಾರ್ಪಾಲು ಕಟ್ಟುವುದು ಸಣ್ಣ ಕೆಲಸವಲ್ಲ. ಎಲ್ಲಿಯಾದರೂ ಸಡಿಲವಿದ್ದರೆ ನೀರು ನಿಂತು, ಅದಕ್ಕೆ ಹೊಟ್ಟೆ ಬಂದು, ಒಂದು ದಿನ ಪೋಸ್ಟ್‌ಮನ್ನನ ತಲೆಯ ಮೇಲೆ ಸುರಿಯುತ್ತದೆ. ನಾನು ಕಟ್ಟಿದ ಟಾರ್ಪಾಲನ್ನು ತಟ್ಟಿದರೆ ಚೆಂಡೆಯ ಸದ್ದು ಬರುತ್ತದೆಂದು ನೆರೆಯವರು ಹೊಗಳಿದ್ದುಂಟು. ಯಾವ ನೆರೆಯವರು ಎಂದು ಹೆಂಡತಿ ಶೈಲಾ ಕೇಳಿದರೆ ಮಾತ್ರ ಹೆಸರು ಹೊಳೆಯುವುದಿಲ್ಲ. ನನ್ನ ನೆನಪಿಗೆ ನನ್ನ ಮೇಲೆ ತುಸು ಪಕ್ಷಪಾತವಿದೆ. ಮುಂದಿನದನ್ನು ಓದುವವರು ಇದನ್ನು ಗಮನದಲ್ಲಿಟ್ಟುಕೊಂಡರೆ ಒಳ್ಳೆಯದು.

ಪಡೀಲಿನಲ್ಲಿ ಹೋಟೆಲು ನಡೆಸುವ ನನ್ನ ಅಕ್ಕನ ಗಂಡ ಯಾರದೋ ಹಳೆಯ ಪುಟ್ಟ ಹಾಯಿದೋಣಿಯೊಂದನ್ನು ಕೊಂಡು ತಂದರು. ಓಡಿಸಲು ಅಲ್ಲ. ಹೋಟೆಲಿನ ಬಫೆಯಲ್ಲಿ ಅದರ ತುಂಬ ಐಸು ಸುರಿದು, ಮೇಲೆ ಸಿಗಡಿ, ಅಂಜಲ್ ಮೀನು ಜೋಡಿಸಿಡಲು. ಇದನ್ನು ಕೇಳಿ ನನಗೆ ಸಂಕಟವಾಯಿತು. "ನನಗೆ ಕೊಡಿ ಭಾವ, ನಾನು ಓಡಿಸ್ತೇನೆ" ಅಂದೆ.

"ನಿನಗೆಂತ ಗೊತ್ತುಂಟು ಮಾರಾಯ?"

"ವಿಡಿಯೋ ನೋಡಿದ್ದೇನೆ."

ಭಾವ ಬಹಳ ಹೊತ್ತು ನಕ್ಕರು. "ಆಯ್ತು. ಭಾನುವಾರ ಜೆಪ್ಪುವಿನ ಹತ್ತಿರ ಹೊಳೆಗೆ ಇಳಿಸುವ. ಹೋಗುವುದು ಯಾರು ಬೇಕಾದರೂ ಹೋಗ್ತಾರೆ. ಸಂಜೆಯ ಗಾಳಿಗೆ ಎದುರಾಗಿ, ಹುಟ್ಟು ಮುಟ್ಟದೆ ವಾಪಸು ತಂದರೆ ದೋಣಿ ನಿನ್ನದು. ಇಲ್ಲದಿದ್ದರೆ ಸಿಗಡಿಯದ್ದು."

ಹೋಗುವುದು ನಿಜಕ್ಕೂ ಸುಲಭವಾಗಿತ್ತು. ಕಡಲಿನ ಗಾಳಿ ಬೆನ್ನಿಗೆ ಹಿಡಿದು ನಮ್ಮನ್ನು ನೇತ್ರಾವತಿಯ ಮೇಲೆ ತಳ್ಳಿಕೊಂಡು ಹೋಯಿತು. ಚುಕ್ಕಾಣಿ ಶೈಲಾಳ ಕೈಯಲ್ಲಿ, ಏಕೆಂದರೆ ಶಕ್ತಿನಗರದ ಏರಿಳಿತಗಳಲ್ಲಿ ಸ್ಕೂಟರು ಬಿಡುವವಳು ಅವಳು. ಹಾಯಿಯ ಹಗ್ಗ ನನ್ನ ಕೈಯಲ್ಲಿ. ತಿರುಗಿದ ಮೇಲೆ ಕಷ್ಟ ಶುರುವಾಯಿತು. ಎದುರುಗಾಳಿಗೆ ದೋಣಿ ನೇರ ಹೋಗುವುದಿಲ್ಲ. ಒಮ್ಮೆ ಎಡಕ್ಕೆ ಓರೆಯಾಗಿ, ಒಮ್ಮೆ ಬಲಕ್ಕೆ ಓರೆಯಾಗಿ ಹೋಗಬೇಕು. ಅಷ್ಟು ನನಗೆ ತಿಳಿದಿತ್ತು. ಹಾಯಿಯನ್ನು ಎಷ್ಟು ಎಳೆಯಬೇಕೆಂಬ ಬಗ್ಗೆ ನನಗೆ ಅನುಮಾನವೇ ಇರಲಿಲ್ಲ. ಒಂದು ಸುಕ್ಕೂ ಉಳಿಯದಂತೆ ಕಾಲು ಕೊಟ್ಟು ಎಳೆದೆ. ತಟ್ಟಿ ನೋಡಿದೆ. ಚೆಂಡೆಯ ಸದ್ದು ಬಂತು.

ದೋಣಿ ಮಾತ್ರ ವಾಲಿಕೊಂಡು ಅಡ್ಡಡ್ಡ ಜಾರತೊಡಗಿತು.

"ಎಂತ ಮಾರಾಯ್ರೆ, ನಾವು ಮುಂದೆ ಹೋಗುವುದಾ, ಅಡ್ಡ ಹೋಗುವುದಾ?" ಎಂದಳು ಶೈಲಾ.

"ಇನ್ನೂ ಸ್ವಲ್ಪ ಬಿಗಿ ಬೇಕು."

"ಆ ನೂಲು ಯಾಕೆ ಹಾಗೆ ಒದ್ದಾಡ್ತಾ ಉಂಟು?"

ಹಾಯಿಯ ಎರಡೂ ಬದಿಗೆ ಯಾರೋ ಉಲ್ಲನ್ ನೂಲಿನ ತುಂಡು ಅಂಟಿಸಿದ್ದರು. ಹಿಂದಿನ ಮಾಲಕರ ಮನೆಯ ಸ್ವೆಟರಿನದ್ದಿರಬೇಕೆಂದು ಬಗೆದು, ದಡ ಸೇರಿದ ಮೇಲೆ ಕಿತ್ತುಹಾಕುವುದೆಂದುಕೊಂಡಿದ್ದೆ. ಈಗ ಹಾಯಿಯ ಹಿಂಬದಿಯ ನೂಲು ಗಿರಗಿರ ಸುತ್ತುತ್ತಿತ್ತು. ಅಷ್ಟರಲ್ಲಿ ರಸ್ತೆಯ ಸೇತುವೆ ಹತ್ತಿರ ಬಂದಿತ್ತು, ಹಿಂಬದಿಯಿಂದ. ಬಸ್ಸಿನ ಕಿಟಕಿಯಿಂದ ಯಾರೋ ಕೈಬೀಸಿದರು. ಮರ್ಯಾದೆಗೆ ನಾನೂ ಬೀಸಬೇಕಿತ್ತು, ಹಗ್ಗ ಬಿಡುವಂತಿರಲಿಲ್ಲ.

ಆಮೇಲೆ ನಡೆದದ್ದರ ಬಗ್ಗೆ ಎರಡು ಕಥೆಗಳಿವೆ. ನನಗೆ ನೆನಪಿರುವಂತೆ, ನಾನು ಗಾಳಿಯ ದಿಕ್ಕನ್ನು ಯೋಚಿಸಿ ಹಗ್ಗವನ್ನು ಬೇಕೆಂದೇ ಸಡಿಲಿಸಿದೆ. ಶೈಲಾಳ ಪ್ರಕಾರ ನನ್ನ ಕನ್ನಡಕ ಜಾರಿತು, ಅದನ್ನು ಹಿಡಿಯಲು ಹೋಗಿ ಹಗ್ಗ ಬಿಟ್ಟೆ. ಹೇಗೂ ಇರಲಿ, ಹಾಯಿ ಹೊಟ್ಟೆ ತುಂಬಿಕೊಂಡಿತು, ಎರಡೂ ನೂಲುಗಳು ಬಾಚಿದ ಕೂದಲಿನಂತೆ ಹಿಂದಕ್ಕೆ ಮಲಗಿದವು, ದೋಣಿ ಸರ್ರನೆ ಮುಂದೆ ಹೋಯಿತು. ಆ ನೂಲು ಸ್ವೆಟರಿನ ಚೂರಲ್ಲ, ಹಾಯಿಯ ಮೇಲೆ ಗಾಳಿ ಸರಿಯಾಗಿ ಹರಿಯುತ್ತಿದೆಯೇ ಎಂದು ತೋರಿಸಲು ಅಂಟಿಸಿದ್ದು ಎಂದು ಆಮೇಲೆ ತಿಳಿಯಿತು.

"ಹಾಗೇ ಇರಲಿ. ಮುಟ್ಟಬೇಡಿ" ಎಂದಳು ಅವಳು.

ನೋಡಲು ಚಂದವಿಲ್ಲವೆಂದು ನಾನು ಮತ್ತೆ ಎರಡು ಸಲ ಎಳೆದೆ. ಎರಡು ಸಲವೂ ದೋಣಿ ಸೊರಗಿತು, ಎರಡು ಸಲವೂ ಬೈಸಿಕೊಂಡೆ. ಕೊನೆಗೆ ಹಾಯಿಯ ಮುಂದಿನ ಅಂಚು ಪಟಪಟ ಎನ್ನುವಷ್ಟು ಬಿಟ್ಟು, ಅದು ಸುಮ್ಮನಾಗುವಷ್ಟೇ ಎಳೆದು, ಓರೆಯೋರೆಯಾಗಿ ಹುಟ್ಟು ಮುಟ್ಟದೆ ಜೆಪ್ಪುವಿನ ದಡ ಸೇರಿದೆವು.

ಭಾವ ಹೊಳೆಗೆ ಬೆನ್ನು ಹಾಕಿ, ಸಿಗಡಿ ಇಡುವ ಸ್ಟೀಲು ತಟ್ಟೆಯ ಅಳತೆಯನ್ನು ಫೋನಿನಲ್ಲಿ ಯಾರಿಗೋ ಹೇಳುತ್ತಿದ್ದರು.

"ಓ, ಬಂದ್ರಾ? ಹುಟ್ಟು ಹಾಕಲಿಲ್ಲವಾ? ನಾನು ನೋಡಲೇ ಇಲ್ಲವಲ್ಲ ಮಾರಾಯ. ಒಂದು ಕೆಲಸ ಮಾಡುವ. ಇನ್ನೊಂದು ಭಾನುವಾರ ನನ್ನೆದುರು ಮಾಡಿ ತೋರಿಸು. ಅಲ್ಲಿವರೆಗೆ ದೋಣಿ ನಿನ್ನ ಹತ್ತಿರವೇ ಇರಲಿ."

"ಖಂಡಿತ" ಅಂದೆ.

ಅಂದಿನಿಂದ ದೋಣಿ ನಮ್ಮ ಅಂಗಳದಲ್ಲಿದೆ. ಒಂದು ಭಾನುವಾರ ಗಾಳಿ ಸಾಲದು, ಇನ್ನೊಂದು ಭಾನುವಾರ ಹೆಚ್ಚು, ನಡುವೆ ನೆಂಟರ ಮದುವೆ. ದೋಣಿಯನ್ನು ಸಿಗಡಿಯಿಂದ ಕಾಪಾಡಲು ನನಗೆ ಖಚಿತವಾಗಿ ಗೊತ್ತಿರುವ ಉಪಾಯ ಒಂದೇ, ಅದನ್ನು ನೀರಿಗೆ ಇಳಿಸದಿರುವುದು. "ನೀವು ದಡದಲ್ಲಿ ಭಾವನ ಜೊತೆ ಕೂತ್ಕೊಳ್ಳಿ, ನಾನೊಬ್ಬಳೇ ತರ್ತೇನೆ" ಎನ್ನುತ್ತಾಳೆ ಶೈಲಾ. ಆ ಕೆಲಸಕ್ಕೆ ಬೇಕಾದಂಥ ಗಾಳಿ ಮಂಗಳೂರಿನಲ್ಲಿ ಬೀಸುವುದೇ ಇಲ್ಲ ಎಂದು ಅವಳಿಗೆ ಎಷ್ಟು ಹೇಳಿದರೂ ಅರ್ಥವಾಗುವುದಿಲ್ಲ.